ಹಾಸಿಗೆಗೆ ಬದಲು ರೊಟ್ಟಿ

ನನ್ನ ತಿರುಗಾಟದ ಬಗ್ಗೆ ಎರಡು ಹೇಳಿಕೆಗಳು ಚಾಲ್ತಿಯಲ್ಲಿವೆ. ಒಂದು ನನ್ನ ತಮ್ಮನದು: ಅಕ್ಕ ಈ ವಯಸ್ಸಿನಲ್ಲಿ ಕಂಡವರ ಮನೆಯಲ್ಲಿ ಜೀತಕ್ಕೆ ನಿಂತಿದ್ದಾಳೆ. ಇನ್ನೊಂದು ಬೀದರಿನ ವಸತಿಗೃಹವೊಂದರ ಮಾಲೀಕನದು: ಆಯಿ ನಮ್ಮ ಕುಟುಂಬದವರ ಹಾಗೇ ಇದ್ದರು, ಯಾಕೋ ಸಿಟ್ಟಾಗಿ ಹೋದರು. ಎರಡನ್ನೂ ನಾನು ಒಪ್ಪುವುದಿಲ್ಲ. ದುಡಿದವಳೂ ನಾನೇ, ಹೊರಟು ಬಂದವಳೂ ನಾನೇ. ಆದ್ದರಿಂದ ಬರೆಯುವವಳೂ ನಾನೇ ಆಗಬೇಕು.

ನನ್ನದು ಔರಾದ ತಾಲ್ಲೂಕಿನಲ್ಲಿ, ಠಾಣಾ ಕುಶನೂರಿನ ಹತ್ತಿರದ ಒಂದು ಹಳ್ಳಿ. ನಾನು ಶಾಲೆಯ ಮೆಟ್ಟಿಲು ಹತ್ತಿದ್ದು ತಮ್ಮನಿಗೆ ಬುತ್ತಿ ಮುಟ್ಟಿಸುವುದಕ್ಕೆ ಮಾತ್ರ. ಅವನು ಒಂದು ತರಗತಿ ದಾಟಿ ಪುಸ್ತಕಗಳನ್ನು ಮೂಲೆಗೆಸೆದಾಗ ನಾನು ಅವನ್ನು ತೆಗೆದುಕೊಂಡು ಓದುತ್ತಿದ್ದೆ. ಹೀಗೆ ಅವನಿಗಿಂತ ಒಂದು ವರ್ಷ ಹಿಂದೆ ಹಿಂದೆಯೇ ನಡೆದು ಓದು ಕಲಿತೆ. ಕಲಿಸುವವರು ಇಲ್ಲದ್ದರಿಂದ ಪುಸ್ತಕ ಹೇಳಿದ್ದನ್ನು ಹೌದೋ ಅಲ್ಲವೋ ಎಂದು ನನ್ನನ್ನೇ ಕೇಳಿಕೊಳ್ಳಬೇಕಾಗುತ್ತಿತ್ತು. ಆ ಅಭ್ಯಾಸ ಈಗಲೂ ಬಿಟ್ಟಿಲ್ಲ.

ಗಂಡ ತೀರಿಕೊಂಡ ಮೇಲೆ ಬೀದರಿನ ಹೊರವಲಯದ ಕೊಳಾರದ ಗೋದಾಮಿನಲ್ಲಿ ತೊಗರಿಬೇಳೆ ಹಸನು ಮಾಡುವ ಕೆಲಸಕ್ಕೆ ಸೇರಿದೆ. ಅಷ್ಟೂ ವರ್ಷ ಬೀದರ ನನಗೆ ಬಸ್ಸಿನ ಕಿಟಕಿಯ ಊರಾಗಿಯೇ ಉಳಿಯಿತು. ಕೆಲಸ ಬಿಟ್ಟಾಗ ಮೊದಲು ಅನ್ನಿಸಿದ್ದು, ನನ್ನ ಜಿಲ್ಲೆಯನ್ನಾದರೂ ಒಮ್ಮೆ ನಿಂತು ನೋಡಬೇಕೆಂದು. ಒಂದು ಬಸ್ಸಿನ ದಾರಿಯ ಊರಿನಲ್ಲಿ ತಂಗುವುದೇಕೆ ಎಂದು ಓಣಿಯವರು ನಕ್ಕರು. ಬೆಳಗಿನ ಕೋಟೆಯನ್ನು ನೋಡಬೇಕಾದವರು ಬೆಳಗಿಗೆ ಅಲ್ಲೇ ಇರಬೇಕಾಗುತ್ತದೆ.

ನಮ್ಮ ಕಡೆ ಹಾಸ್ಟೆಲ್ ಎಂದರೆ ಓದುವ ಮಕ್ಕಳದು. ಪ್ರವಾಸಿಗರಿಗೂ ಹಾಸ್ಟೆಲುಗಳಿವೆ, ಅರ್ಧ ದಿನ ಕೆಲಸ ಮಾಡಿಕೊಟ್ಟರೆ ಅಲ್ಲಿ ಬಾಡಿಗೆಯಿಲ್ಲದೆ ಹಾಸಿಗೆ ಸಿಗುತ್ತದೆ ಎಂಬುದನ್ನು ನಾನು ಮೊಬೈಲಿನಲ್ಲಿ ಓದಿ ತಿಳಿದೆ. ಬೀದರಿನ ಕೋಟೆಯ ಬದಿಯ ಹಳೆಯ ಮನೆಯೊಂದನ್ನು ಅದರ ವಾರಸುದಾರ ಇಂಥ ಹಾಸ್ಟೆಲ್ ಮಾಡಿಕೊಂಡಿದ್ದ. ಫೋನಿನಲ್ಲೇ ಮಾತಾಯಿತು: ಬೆಳಿಗ್ಗೆ ಹಾಸಿಗೆಯ ಚಾದರ ಬದಲಿಸುವುದು, ಅತಿಥಿಗಳಿಗೆ ಜೋಳದ ರೊಟ್ಟಿ ಬಡಿಯುವುದು. ಮಧ್ಯಾಹ್ನದ ಮೇಲೆ ನನ್ನ ಹೊತ್ತು ನನ್ನದು.

ಇದನ್ನು ಕೇಳಿ ತಮ್ಮ ಔರಾದಿನಿಂದ ಫೋನ್ ಮಾಡಿದ. ಅವನು ನಿವೃತ್ತ ಸರ್ಕಾರಿ ನೌಕರ. ಮರ್ಯಾದೆಯ ವಿಷಯದಲ್ಲಿ ಬಹಳ ಸೂಕ್ಷ್ಮ.

"ಅಕ್ಕಾ, ಅಪ್ಪ ಗೌಡರ ಕೊಟ್ಟಿಗ್ಯಾಗ ಮಲಗೂ ಜಾಗಾದ ಸಲುವಾಗಿ ದುಡದ. ಪಗಾರ ಕೇಳಿದ್ರ, ಜಾಗಾ ಕೊಟ್ಟಿಲ್ಲೇನೋ ಅಂತಿದ್ರು. ನೀನೂ ಹಾಸಿಗಿ ಸಲುವಾಗಿ ದುಡಿಯೂದಾದ್ರ, ನಾವು ಓದಿದ್ದು ಯಾಕ?"

"ಅಪ್ಪಗ ಯಾವ ಕೆಲಸ ಅಂತ ಯಾರರ ಕೇಳಿದ್ರೇನು?"

"ಇಲ್ಲ."

"ನನಗ ಕೇಳ್ಯಾರ. ನಾ ಹೇಳೇನಿ."

"ಬಾಯಿ ಮಾತು ಅದು. ನೋಡ್ತಿರು," ಎಂದು ಫೋನಿಟ್ಟ.

ಅವನ ಮಾತು ನನ್ನನ್ನು ಚುಚ್ಚಲಿಲ್ಲವೆಂದರೆ ಸುಳ್ಳಾಗುತ್ತದೆ. ಕೂಲಿಯಿಲ್ಲದ ದುಡಿಮೆಯೆಲ್ಲ ಜೀತ ಎಂಬುದು ನಮ್ಮ ಮನೆಯಲ್ಲಿ ಯಾರೂ ಪ್ರಶ್ನಿಸದ ಮಾತು. ನನಗೆ ಅದರಲ್ಲಿ ಸಂಶಯವಿತ್ತು. ಅಪ್ಪನಿಗೆ ಹೇಳಿದ ಕೆಲಸಕ್ಕೆ ಇಲ್ಲ ಎನ್ನುವ ಬಾಯಿ ಇರಲಿಲ್ಲ, ಜೀತವೆಂದರೆ ಅದು. ನನಗೆ ಆ ಬಾಯಿ ಇದೆಯೋ ಇಲ್ಲವೋ ಎಂಬುದನ್ನು ಹೋಗಿಯೇ ನೋಡಬೇಕಿತ್ತು.

ಮೊದಲ ದಿನಗಳು ಚೆನ್ನಾಗಿದ್ದವು. ಅಡುಗೆಯಾಕೆ ಬೀದರಿನ ಹಳೆಯ ಮುಸ್ಲಿಂ ಮನೆತನದ ಹೆಂಗಸು, ಸಂಬಳಕ್ಕಿದ್ದವಳು. ಪಲ್ಯ, ಸಾರು ಅವಳದು, ರೊಟ್ಟಿ ನನ್ನದು.

"ಆಪಾ, ನಿಮ್ಮ ರೊಟ್ಟಿ ಮುಂದ ಮಂದಿ ನನ್ನ ಸಾಲನ್ ಮರ್ತಾರ. ನನ್ನ ನೌಕರಿಗಿ ಸಂಚಕಾರ ತಂದ್ರಿ ನೀವು."

"ಖಾರ ಕಡಿಮಿ ಹಾಕು, ನೌಕರಿ ಉಳೀತದ."

"ಖಾರ ಕಡಿಮಿ ಆದ್ರ ಬೀದರ ಯಾಕ ಬರಬೇಕ್ರಿ ಅವ್ರು?"

ಮಧ್ಯಾಹ್ನ ನಾನು ಕೋಟೆಗೆ ಹೋಗುತ್ತಿದ್ದೆ. ಗೋಡೆಯ ಕೆಂಪು ಕಲ್ಲನ್ನು ದೂರದ ನಾಡಿನಿಂದ ಆನೆಗಳ ಮೇಲೆ ತಂದರೆಂದು ಮಾರ್ಗದರ್ಶಿಯೊಬ್ಬ ಒಂದು ಗುಂಪಿಗೆ ಹೇಳುತ್ತಿದ್ದ. ಕಾಲಡಿಯ ಕಂದಕವನ್ನು ಕೊರೆದದ್ದೂ ಅದೇ ಕಲ್ಲಿನಲ್ಲಿ. ಹಾಗಾದರೆ ಇಲ್ಲಿಂದ ಕಡಿದ ಕಲ್ಲು ಎಲ್ಲಿಗೆ ಹೋಯಿತು ಎಂದು ಕೇಳಿದೆ. "ಆಯಿ, ನಾಳಿಂದ ನೀವೇ ಹೇಳ್ರಿ," ಎಂದು ಅವನು ಗುಂಪನ್ನು ಬೇರೆ ಕಡೆಗೆ ಕರೆದೊಯ್ದ.

ಮಾಲೀಕ ನಲವತ್ತು ದಾಟಿದವನು, ನಯವಾದ ಮಾತಿನವನು. "ಇಲ್ಲಿ ಎಲ್ಲಾರೂ ಒಂದೇ ಕುಟುಂಬ," ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಹಿಂದಿನ ಕೋಣೆಯಲ್ಲಿ ಅವನ ತಾಯಿ ಇದ್ದರು. ಅವರಿಗೂ ನನ್ನ ರೊಟ್ಟಿಯೇ ಹೋಗುತ್ತಿತ್ತು. ಒಂದು ದಿನ ತಾಟು ಒಯ್ದಾಗ ಕೂರಿಸಿಕೊಂಡು ಮಾತಿಗೆಳೆದರು. ನಮ್ಮ ಸೀಮೆಯಲ್ಲಿ ಯಾರೂ ಯಾರ ಜಾತಿಯನ್ನೂ ಕೇಳುವುದಿಲ್ಲ. ಊರು ಕೇಳುತ್ತಾರೆ, ಆಮೇಲೆ ಓಣಿ ಕೇಳುತ್ತಾರೆ. ಓಣಿ ತಿಳಿದ ಮೇಲೆ ಕೇಳುವುದಕ್ಕೆ ಏನೂ ಉಳಿಯುವುದಿಲ್ಲ.

"ನಿಮ್ಮೂರಾಗ ನಿಮ್ದು ಯಾವ ಓಣಿ ಆತವ್ವಾ? ಗುಡಿ ಹಿಂದಿಂದೇನು?"

"ಅಲ್ರಿ. ಊರ ಹೊರಗಿಂದು. ಬುದ್ಧವಿಹಾರದ ಎದುರಿಗೇ ನಮ್ಮ ಮನಿ."

ಅವರು ತಾಟು ಸರಿಸಲಿಲ್ಲ. ರೊಟ್ಟಿ ಮುಗಿಸಿ, ಕೈತೊಳೆದು, ಒಳ್ಳೇದವ್ವಾ ಎಂದರು.

ಮರುದಿನ ಬೆಳಿಗ್ಗೆ ಚಾದರದ ಕೆಲಸ ಮುಗಿಸಿ ಅಡುಗೆಮನೆಗೆ ಹೊರಟರೆ ಮಾಲೀಕ ಬಾಗಿಲಲ್ಲೇ ನಿಂತಿದ್ದ.

"ಆಯಿ, ಈ ವಯಸ್ಸಿನಾಗ ಉರಿ ಮುಂದ ಯಾಕ ಕೂಡ್ತೀರಿ? ಇವತ್ತಿಂದ ರೊಟ್ಟಿ ಹೊರಗಿಂದ ತರಸ್ತೇನಿ. ನೀವು ಬಚ್ಚಲಾ, ಸಂಡಾಸಾ ಅಷ್ಟು ನೋಡ್ಕೋರಿ."

"ಮಾತಾಗಿದ್ದು ರೊಟ್ಟಿದ್ರಿ."

"ಕೆಲಸಾ ಕೆಲಸಾನೇ ಅಲ್ಲೇನ್ರಿ? ಅದರಾಗ ಸಣ್ಣದು ದೊಡ್ಡದು ಎಲ್ಲದ?"

"ಖರೇ ಮಾತು. ಹಂಗಾದ್ರ ಸಂಡಾಸ ನೀವು ತೊಳೀರಿ, ರೊಟ್ಟಿ ನಾ ಬಡೀತೇನಿ."

ಅವನ ಮುಖ ಕೆಂಪಾಯಿತು. ಆಮೇಲೆ ದನಿ ತಗ್ಗಿಸಿದ. "ನನಗೇನೂ ಇಲ್ರಿ ಆಯಿ. ಅವ್ವ ಹಳೀ ಮಂದಿ. ಕೇಳೂದಿಲ್ಲ."

ಈ ಮಾತನ್ನು ನಾನು ಬದುಕಿನುದ್ದಕ್ಕೂ ಕೇಳಿದ್ದೇನೆ. ಹೊಸಬರಿಗೆ ಏನೂ ಇಲ್ಲವಂತೆ, ಇರುವುದೆಲ್ಲ ಹಳಬರಿಗಂತೆ. ನಾನು ಕಂಡದ್ದು ಬೇರೆ. ಆ ಮುದುಕಿ ನನ್ನೆದುರು ರೊಟ್ಟಿ ಮುಗಿಸಿ ಎದ್ದವರು. ಬಾಗಿಲಿಗೆ ಅಡ್ಡ ನಿಂತವನು ಮಗ. ತಾಯಿ ಅವನಿಗೆ ಏನು ಹೇಳಿದರೋ ನನಗೆ ತಿಳಿಯದು. ಅಡ್ಡ ನಿಂತ ಕಾಲುಗಳು ಯಾರವೆಂದು ಮಾತ್ರ ಕಣ್ಣಾರೆ ನೋಡಿದೆ.

"ಸರೀರಿ," ಎಂದೆ. "ಉಣ್ಣಾಕ ಕೂತ ಮಂದಿಗಿ ನೀವೇ ಹೇಳ್ರಿ, ಇವತ್ತ ರೊಟ್ಟಿ ಯಾಕಿಲ್ಲ ಅಂತ."

ಪಡಸಾಲೆಯಲ್ಲಿ ಅತಿಥಿಗಳು ತಾಟಿನ ಮುಂದೆ ಕಾಯುತ್ತಿದ್ದರು. ಅವನು ಒಮ್ಮೆ ಅತ್ತ ನೋಡಿದ. ಒಳಗಿನಿಂದ ಅಡುಗೆಯಾಕೆ, ಯಾರ ಕಡೆಗೂ ತಿರುಗದೆ, "ತವಾ ಕಾದದ ಆಪಾ," ಎಂದಳು. ಅವಳು ನನ್ನ ಪರವಾಗಿ ಹೇಳಿದಳೋ, ತವೆ ಕಾದದ್ದಕ್ಕೆ ಹೇಳಿದಳೋ, ನಾನು ಕೇಳಲಿಲ್ಲ. ನಾಳೆಯೂ ಅಲ್ಲೇ ದುಡಿಯಬೇಕಾದವಳು ಅವಳು. ಮಾಲೀಕ ಪಕ್ಕಕ್ಕೆ ಸರಿದ. ನಾನು ಒಳಗೆ ಹೋಗಿ, ಹಿಟ್ಟು ನಾದಿ, ಕಾದಿದ್ದ ಮಂದಿಗೆಲ್ಲ ಸಾಕಾಗುವಷ್ಟು ರೊಟ್ಟಿ ಬಡಿದೆ. ಆವತ್ತು ಎಂದಿಗಿಂತ ಜೋರಾಗಿ ಬಡಿದೆನೆಂದು ಕಾಣುತ್ತದೆ. ಪಡಸಾಲೆಯವರು ಇಣುಕಿ ನೋಡಿದರು.

ಊಟ ಮುಗಿದ ಮೇಲೆ ಮಾಲೀಕ ಬಂದು, ನಾಳೆ ಗುಂಪೊಂದು ಬರುತ್ತಿದೆ, ನಿಮ್ಮ ಹಾಸಿಗೆ ಬೇಕಾಗಬಹುದು ಎಂದ. ಇವತ್ತೇ ಬಿಡುತ್ತೇನೆ ಎಂದೆ. ನನ್ನ ಹಾಸಿಗೆಯ ಚಾದರವನ್ನೂ ನಾನೇ ಬದಲಿಸಿ, ಚೀಲ ಹೆಗಲಿಗೆ ಹಾಕಿ, ಎಲ್ಲರೂ ನೋಡುತ್ತಿರುವಂತೆ ಮುಂಬಾಗಿಲಿನಿಂದಲೇ ಇಳಿದು ಬಂದೆ.

ಬಸ್ ನಿಲ್ದಾಣದಿಂದ ತಮ್ಮನಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಮುಚ್ಚಿಡುವುದಕ್ಕೆ ನನ್ನದೇನೂ ತಪ್ಪಿರಲಿಲ್ಲ.

"ನಾ ಅಂದಿದ್ದೇ ಆತಲ್ಲ," ಎಂದ. ದನಿಯಲ್ಲಿ ಗೆದ್ದ ಸಂತೋಷವಿರಲಿಲ್ಲ. "ಜೀತಕ್ಕ ಹಚ್ಚಾಕ ನೋಡಿದ್ರು."

"ನೋಡಿದ್ರು. ಆಗಲಿಲ್ಲ. ಒಲ್ಲೆ ಅಂದೆ, ರೊಟ್ಟಿ ಬಡದೆ, ಬಂದೆ. ಅಪ್ಪಗ ಈ ಮೂರೂ ಬರ್ತಿದ್ದಿಲ್ಲ."

"ಈಗರ ಮನಿಗಿ ಬಾ ಅಕ್ಕಾ."

"ಭಾಲ್ಕಿ ಬಸ್ ನಿಂತದ. ಹತ್ತೇನಿ."

ಮೊಬೈಲಿನಲ್ಲಿ ಓದಿದ್ದ ಪ್ರಕಾರ, ಭಾಲ್ಕಿಯಲ್ಲಿ ನಿವೃತ್ತ ನರ್ಸ್ ಒಬ್ಬರು ತಮ್ಮ ಮನೆಯ ಕೋಣೆಗಳನ್ನು ಪ್ರವಾಸಿಗರಿಗೆ ಬಿಟ್ಟು, ಕೆಲಸಕ್ಕೆ ಕೈಜೋಡಿಸುವವರಿಗೆ ಇರಲು ಜಾಗ ಕೊಡುತ್ತಿದ್ದರು. ಅವರು ಬಾಗಿಲು ತೆರೆದ ಕೂಡಲೇ, ಅವರು ಕೇಳುವ ಮೊದಲೇ ನಾನು ಹೇಳಿದೆ:

"ನಾನು ಔರಾದ ಕಡಿಯಾಕಿರಿ. ಊರ ಹೊರಗಿನ ಓಣಿ, ಬುದ್ಧವಿಹಾರದ ಎದುರಿನ ಮನಿ. ನನಗ ಅಡಗಿಮನ್ಯಾಗ ರೊಟ್ಟಿ ಬಡಿಯೂದು ಬರ್ತದ. ಒಪ್ಪಿಗಿ ಇದ್ರ ಒಳಗ ಬರ್ತೇನಿ. ಇಲ್ಲಂದ್ರ ಇಲ್ಲಿಂದೇ ಹೋಗ್ತೇನಿ."

ಅವರು ಕನ್ನಡಕ ಸರಿಮಾಡಿಕೊಂಡು ನನ್ನನ್ನು ನೋಡಿದರು. "ಯಾವಾಗ್ಲೂ ಹಿಂಗ ಜಗಳಕ್ಕ ಬಂದವರಂಗ ಮಾತಾಡ್ತೀರೇನ್ರಿ?"

"ಇವತ್ತಿಂದ."

"ಜೋಳದ ಹಿಟ್ಟು ಮುಗದದ. ಚೀಲ ಇಡ್ರಿ, ಇಬ್ಬರೂ ಗಿರಣಿಗಿ ಹೋಗಿ ಬರೂಣು."

ನಾನು ಚೀಲ ಇಡಲಿಲ್ಲ. "ಇಲ್ಲಿ ಸಂಡಾಸ ಯಾರು ತೊಳೀತಾರ್ರಿ?"

"ಪಾಳಿ ಅದ. ಸೋಮವಾರ ನಂದು. ನಿಮಗ ಮಂಗಳವಾರ ನಡೀತದೇನು?"

"ನಡೀತದ," ಎಂದು ಚೀಲವನ್ನು ಕೆಳಗಿಟ್ಟೆ.

ಹಾಗೆಂದು ಅವರ ಮಾತನ್ನು ನಂಬಿದೆನೆಂದು ಯಾರೂ ತಿಳಿಯಬಾರದು. ಸೋಮವಾರ ಬೆಳಿಗ್ಗೆ ಹಿತ್ತಲಲ್ಲಿ ಬಕೀಟಿನ ಸದ್ದು ಕೇಳಿತು. ಎದ್ದು ಹೋಗಿ ನೋಡಿದೆ. ಅವರು ಸೀರೆಯ ನೆರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿ ಸಂಡಾಸ ತಿಕ್ಕುತ್ತಿದ್ದರು. ನಾನು ನೋಡಲು ಬಂದದ್ದು ಅವರಿಗೆ ತಿಳಿಯಿತು, ತಿಕ್ಕುವುದನ್ನು ನಿಲ್ಲಿಸಲಿಲ್ಲ. ಮಂಗಳವಾರ ಅದೇ ಕಸಬರಿಗೆಯನ್ನು ನಾನು ಕೈಗೆತ್ತಿಕೊಂಡೆ.