ಹಾರ್ನ್ ಊದುವ ಮೊದಲು

ನಾನು ನಿಂತಿದ್ದದ್ದು ದನಗಳ ನೀರಿನ ತೊಟ್ಟಿಯ ಪಕ್ಕದಲ್ಲಿ. ಕೋವಿ ಹಿಡಿದವರ ಸಾಲಿನ ಬಲ ತುದಿಗಿಂತ ಸ್ವಲ್ಪ ಹಿಂದೆ, ಅವರಿಗಿಂತ ಒಂದಾಳಿನಷ್ಟು ಎತ್ತರದಲ್ಲಿ. 2015ರ ಜೂನ್ ತಿಂಗಳ ಒಂದು ಶನಿವಾರ. ಬೆಳಗಿನ ಚಹಾ ಮುಗಿದಿತ್ತು. ಗುಡ್ಡದ ನೆತ್ತಿಯ ಮಂಜು ಕರಗಿತ್ತು, ಆದರೆ ಬಿಸಿಲು ಇನ್ನೂ ಇಳಿಜಾರಿಗೆ ಬಂದಿರಲಿಲ್ಲ. ನನ್ನ ಕಾಲ ಬಳಿ ಪ್ರಥಮ ಚಿಕಿತ್ಸೆಯ ಚೀಲವಿತ್ತು. ಆ ದಿನ ನನಗೆ ಅಲ್ಲಿ ಇದ್ದ ಕೆಲಸ ಅದೊಂದೇ. ನಾನು ನಿಂತ ಜಾಗದ ವಿಷಯವನ್ನು ಪೊಲೀಸರಿಗೆ ಹೇಳಿದ್ದೇನೆ, ನನ್ನ ಗೆಳೆಯನ ಹೆಂಡತಿಗೆ ಹೇಳಿದ್ದೇನೆ. ಆ ಜಾಗದಿಂದ ಜೊಂಡಿನ ಹಿಂದಿನ ತಗ್ಗು ಕಾಣುತ್ತಿತ್ತು. ಕೋವಿ ಹಿಡಿದಿದ್ದವರಿಗೆ ಕಾಣುತ್ತಿರಲಿಲ್ಲ.

ಆಕ್ಲೆಂಡ್‌ನಿಂದ ಉತ್ತರಕ್ಕೆ ಎರಡು ಗಂಟೆ ದಾರಿಯ ಒಂದು ಸಣ್ಣ ಊರಿನ ವೃದ್ಧಾಶ್ರಮದಲ್ಲಿ ನಾನು ನರ್ಸ್. ಗಾಲಿಕುರ್ಚಿ ಹತ್ತಿಸಬಹುದಾದ ಒಂದು ವ್ಯಾನು ನಮ್ಮಲ್ಲಿಗೆ ಬೇಕಾಗಿತ್ತು. ಊರಿನವರು ಟರ್ಕಿ ಶೂಟ್ ಇಟ್ಟುಕೊಂಡದ್ದು ಅದಕ್ಕಾಗಿ. ಆ ಕಡೆಯ ಗುಡ್ಡಗಳಲ್ಲಿ ಟರ್ಕಿ ಕೋಳಿಗಳು ಕಾಡುಬಿದ್ದು ಬೆಳೆದಿವೆ. ರಾತ್ರಿ ಪೈನ್ ಮರಗಳಲ್ಲಿ ಕೂರುತ್ತವೆ, ಹಗಲು ಹುಲ್ಲುಗಾವಲನ್ನು ಹೊಲಸು ಮಾಡುತ್ತವೆ. ವರ್ಷಕ್ಕೊಮ್ಮೆ ಜಮೀನಿನ ಯಜಮಾನರು ಗೇಟು ತೆರೆದು ಜನರನ್ನು ಕರೆಯುತ್ತಿದ್ದರು. ಗುಂಡು ಹಾರಿಸುವವರು ವಂತಿಗೆ ಕೊಟ್ಟು ಬರುತ್ತಿದ್ದರು, ಹೆಂಗಸರು ಸಾಸೇಜು ಸುಡುತ್ತಿದ್ದರು, ಸತ್ತ ಹಕ್ಕಿಗಳನ್ನು ಬೇಕಾದವರು ಒಯ್ಯುತ್ತಿದ್ದರು.

ನನ್ನ ಗೆಳೆಯ ಕೊಪ್ಪಳದ ಕಡೆಯವನು. ನನಗಿಂತ ಹತ್ತು ವರ್ಷ ಚಿಕ್ಕವನು. ಊರಲ್ಲಿ ಹಲ್ಲಿನ ವೈದ್ಯನಾಗಿದ್ದ. ಇಲ್ಲಿ ಮತ್ತೆ ಪರೀಕ್ಷೆ ಬರೆದು ಪಾಸಾಗುವ ತನಕ ರೋಗಿಯ ಬಾಯಿಗೆ ಕೈ ಹಾಕುವಂತಿಲ್ಲ. ಬರೆಯುವ ಪರೀಕ್ಷೆ ಎರಡನೇ ಸಲಕ್ಕೆ ಪಾಸಾಗಿತ್ತು. ಕೈಯಿಂದ ಮಾಡಿ ತೋರಿಸುವ ಪರೀಕ್ಷೆ ಸೆಪ್ಟೆಂಬರ್‌ನಲ್ಲಿತ್ತು. ಅಲ್ಲಿಯವರೆಗೆ ನಮ್ಮ ಊರಿನ ದಂತ ಕ್ಲಿನಿಕ್ಕಿನಲ್ಲಿ ಸಹಾಯಕನಾಗಿ ಉಗುಳು ಹೀರುವ ನಳಿಗೆ ಹಿಡಿದು ನಿಲ್ಲುತ್ತಿದ್ದ. ಹೆಂಡತಿ ಆಕ್ಲೆಂಡ್‌ನ ಏವನ್‌ಡೇಲ್‌ನಲ್ಲಿದ್ದಳು. ವಾರದ ಕೊನೆಗೆ ಅಲ್ಲಿಗೆ ಹೋಗುತ್ತಿದ್ದ. ಉಳಿದ ಸಂಜೆಗಳಲ್ಲಿ ಅಡುಗೆಮನೆಯ ಮೇಜಿಗೆ ಪ್ಲಾಸ್ಟಿಕ್ ದವಡೆಯೊಂದನ್ನು ಬಿಗಿದು ಹಲ್ಲು ಕೊರೆಯುತ್ತಿದ್ದ. ಅವನ ಕೈ ಬಹಳ ಹಗುರ. ಆ ಪರೀಕ್ಷೆ ಅವನಿಗೆ ಕಷ್ಟವಾಗುವುದಿಲ್ಲ ಎಂದು ಅವನ ಕ್ಲಿನಿಕ್ಕಿನ ಡಾಕ್ಟರೇ ನನ್ನ ಹತ್ತಿರ ಹೇಳಿದ್ದರು.

ಆ ಶನಿವಾರ ಅವನು ಏವನ್‌ಡೇಲ್‌ಗೆ ಹೋಗದೆ ಉಳಿದದ್ದು ಒಂದು ಹಕ್ಕಿಗಾಗಿ. ರಂಜಾನ್ ಉಪವಾಸ ಶುರುವಾಗಲು ಇನ್ನು ಕೆಲವು ದಿನವಿತ್ತು. ಅದಕ್ಕೆ ಮುಂಚೆ ಅಲ್ಲಿನ ಎರಡು ಮೂರು ಕನ್ನಡದ ಮನೆಗಳವರನ್ನು ಊಟಕ್ಕೆ ಕರೆಯಬೇಕೆಂದು ಹೆಂಡತಿಯ ಆಸೆ. ಗುಂಡಿಗೆ ಸತ್ತ ಹಕ್ಕಿ ಅವರ ಮನೆಗೆ ಬರುವುದಿಲ್ಲ. ಗುಂಡು ಹಾರಿಸುವವರು ದೇವರ ಹೆಸರು ಹೇಳಿ ಹಾರಿಸಿರುವುದಿಲ್ಲವಲ್ಲ. ಗಾಯಗೊಂಡು ಜೀವ ಇರುವುದನ್ನು ಹಿಡಿದರೆ ಅವನೇ ಹೆಸರು ಹೇಳಿ ಕೊಯ್ಯಬಹುದು.

ಬೆಳಗಿನ ಚಹಾಕ್ಕೆ ಯೂಟ್ ಎನ್ನುವ ತೆರೆದ ಸಾಮಾನು ಗಾಡಿಯ ಹಿಂಬದಿಯ ಹಲಗೆ ಇಳಿಸಿ ಅದರ ಮೇಲೆ ಕಪ್ಪುಗಳನ್ನು ಇಟ್ಟಿದ್ದರು. ಯಜಮಾನರಿಗೆ ಎಪ್ಪತ್ತು ದಾಟಿತ್ತು. ಎತ್ತರದ, ಕೆಂಪು ಕತ್ತಿನ ಮನುಷ್ಯ. ನನ್ನ ಗೆಳೆಯನನ್ನು ಅವರು ಯಾವಾಗಲೂ ಡಾಕ್ ಎಂದೇ ಕರೆಯುತ್ತಿದ್ದರು. ಊರಿನಲ್ಲಿ ಹಾಗೆ ಕರೆಯುತ್ತಿದ್ದವರು ಅವರೊಬ್ಬರೇ. ಅವರ ಇಂಗ್ಲಿಷನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಡಾಕ್, ಹಲ್ಲೇ ಇಲ್ಲದ ಹಕ್ಕಿಗಳ ಹತ್ತಿರ ನಿನಗೇನು ಕೆಲಸ?"

"ಅವುಗಳೇ ಒಳ್ಳೆ ಪೇಷೆಂಟುಗಳು. ನೋವು ಅಂತ ದೂರು ಹೇಳೋದಿಲ್ಲ."

ಗೆಳೆಯ ತನಗೆ ಬೇಕಾದದ್ದನ್ನು ಹೇಳಿದ. ಯಜಮಾನರು ಗಮನವಿಟ್ಟು ಕೇಳಿದರು. "ಸರಿ. ರೆಕ್ಕೆ ಮುರಿದು ಬಿದ್ದದ್ದೆಲ್ಲ ನಿನ್ನದು. ಆದರೆ ಗುಂಡು ನಿಲ್ಲಿಸುವ ಹಾರ್ನ್ ಆದ ಮೇಲೆ. ಅದಕ್ಕೆ ಮುಂಚೆ ನೀನು ಬೇಲಿ ದಾಟಿದರೆ ನಿನ್ನನ್ನೇ ಒಲೆಗೆ ಹಾಕುತ್ತೇನೆ." ಎಲ್ಲರೂ ನಕ್ಕರು. ನಗು ನಿಂತ ಮೇಲೆ ಅವರು ನಿಯಮಗಳನ್ನು ಹೇಳಿದರು. ಹಕ್ಕಿ ಎಬ್ಬಿಸುವವರು ಗುಡ್ಡದ ನೆತ್ತಿಯಿಂದ ಸಾಲಾಗಿ ಜರೀಗಿಡಗಳನ್ನು ಬಡಿಯುತ್ತ ಇಳಿಯಬೇಕು, ನಡು ಇಳಿಜಾರಿನ ತಂತಿ ಬೇಲಿಯ ಹತ್ತಿರ ನಿಲ್ಲಬೇಕು. ಎಲ್ಲರೂ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟಿರಬೇಕು. ಕೋವಿಯವರು ಬುಡದಲ್ಲಿ ನಿಂತು ತಲೆಯ ಮೇಲೆ ಹಾರಿ ಬರುವ ಹಕ್ಕಿಗೆ ಮಾತ್ರ ಗುಂಡು ಹಾರಿಸಬೇಕು. ಹಕ್ಕಿಯ ಹಿಂದೆ ಆಕಾಶ ಕಾಣದಿದ್ದರೆ ಗುಂಡು ಹಾರಿಸಬಾರದು. ಈ ಕೊನೆಯದನ್ನು ಅವರು ಎರಡು ಸಲ ಹೇಳಿದರು.

ಹಕ್ಕಿ ಎಬ್ಬಿಸುವವರ ಜೊತೆ ಮೇಲಕ್ಕೆ ಹೋಗುವಾಗ ಗೆಳೆಯ ತೊಟ್ಟಿಯ ಹತ್ತಿರ ಬಂದ. ಕಡುಹಸಿರು ಸ್ವೆಟರ್, ಅದರ ಮೇಲೆ ಕಿತ್ತಳೆ ಜಾಕೆಟ್.

"ಏನ್ರಿ ಅಣ್ಣಾ, ಮೈಸೂರು ಮಂದಿಗೆ ಬರೇ ನಿಂತು ನೋಡೂ ಕೆಲಸ ಕೊಟ್ಟಾರಲ್ಲ."

"ನೋಡೋದೂ ಕೆಲಸಾನೇ ಕಣಯ್ಯ. ಹುಷಾರು, ಕಾಲು ಜಾರುತ್ತೆ."

"ನಾ ಜಾರಿದ್ರ ನೀವದೀರಲ್ಲ, ಬ್ಯಾಂಡೇಜ್ ಹಿಡ್ಕೊಂಡು. ಒಂದು ಸಿಕ್ರ ಸಾಕ್ರಿ ನನಗ. ಮನ್ಯಾಗ ಮಸಾಲಿ ಅರದಿಟ್ಕೊಂಡು ಕುಂತಾಳ."

ಹಕ್ಕಿಗಳು ಒಮ್ಮೆಲೇ ಎದ್ದವು. ಟರ್ಕಿ ಹಾರುವುದಿಲ್ಲ ಎಂದುಕೊಂಡಿದ್ದ ನನಗೆ ಅಷ್ಟು ಭಾರದ ಮೈ ಗಾಳಿಯಲ್ಲಿ ಬಂದದ್ದು ಆಶ್ಚರ್ಯ. ಕೋವಿಗಳು ಸದ್ದು ಮಾಡಿದವು, ಹಕ್ಕಿಗಳು ಬಿದ್ದವು. ಒಂದು ಮಾತ್ರ ಬೇಲಿಗೂ ಕೋವಿಗಳಿಗೂ ನಡುವೆ, ಜೊಂಡು ಬೆಳೆದಿದ್ದ ತಗ್ಗಿನ ಅಂಚಿಗೆ ಬಿತ್ತು. ಒಂದು ರೆಕ್ಕೆ ಬಡಿಯುತ್ತಿತ್ತು, ಇನ್ನೊಂದು ಇಲ್ಲ. ಎದೆಯ ಹತ್ತಿರ ರಕ್ತವಿತ್ತು. ಅದು ಹೆಚ್ಚು ಹೊತ್ತು ಇರುವುದಿಲ್ಲ ಎಂದು ನನಗೇ ತಿಳಿಯುತ್ತಿತ್ತು. ಬೇಲಿಯ ಹತ್ತಿರ ನಿಂತಿದ್ದ ಅವನಿಗೂ ತಿಳಿದಿರಬೇಕು. ಹಾರ್ನ್ ಊದಬೇಕಾಗಿದ್ದ ಹೆಂಗಸು ಸಾಲಿನ ಎಡ ತುದಿಯಲ್ಲಿ ಯೂಟ್‌ನ ಮೇಲೆ ನಿಂತಿದ್ದಳು. ನೆತ್ತಿಯ ಮೇಲೆ ಇನ್ನೂ ಕೆಲವು ಹಕ್ಕಿಗಳು ಉಳಿದಿದ್ದವು. ಅವು ಏಳಲಿ ಎಂದು ಅವಳು ಕಾಯುತ್ತಿದ್ದಳು. ಅದರಲ್ಲಿ ತಪ್ಪೇನೂ ಇರಲಿಲ್ಲ.

ಅವನು ಬೇಲಿಯ ತಂತಿಯನ್ನು ಕೈಯಿಂದ ಕೆಳಕ್ಕೆ ಒತ್ತಿ ದಾಟಿದ. ಅವನ ಪಕ್ಕದಲ್ಲಿದ್ದ ಊರಿನ ಕಟುಕ ಏನೋ ಕೂಗಿದ. ನಾನೂ ಕೂಗಿದೆ. ಕನ್ನಡದಲ್ಲಿ ಕೂಗಿದೆ ಎಂದು ಆಮೇಲೆ ಹೊಳೆಯಿತು. ಯಾವ ಭಾಷೆಯಲ್ಲಿ ಕೂಗಿದ್ದರೂ ಕೋವಿಯವರಿಗೆ ಕೇಳುತ್ತಿರಲಿಲ್ಲ, ಅವರೆಲ್ಲ ಕಿವಿಗೆ ಸದ್ದು ತಡೆಯುವ ಮಫ್ ಹಾಕಿಕೊಂಡಿದ್ದರು. ಅವನು ಬಗ್ಗಿಕೊಂಡೇ ಇಳಿದ. ತಗ್ಗಿನಲ್ಲಿ ಹಕ್ಕಿಯನ್ನು ಹಿಡಿದ. ಅದು ಒದೆಯಿತು. ಆಗ ಅವನು ಜಾಕೆಟ್ ಕಳಚಿ ಅದರ ತಲೆಗೆ ಸುತ್ತಿದ. ಕಣ್ಣು ಮುಚ್ಚಿದರೆ ಕೋಳಿ ಸುಮ್ಮನಾಗುತ್ತದೆ. ಮನೆಯಲ್ಲಿ ಕೋಳಿ ಸಾಕಿದವರಿಗೆಲ್ಲ ಇದು ಗೊತ್ತು. ಹಕ್ಕಿ ಸುಮ್ಮನಾಯಿತು. ಜೊಂಡಿನ ಮೇಲೆ ಅವನ ಕಡುಹಸಿರು ಬೆನ್ನು ಮತ್ತು ಕಪ್ಪು ತಲೆ ಸ್ವಲ್ಪವೇ ಕಾಣುತ್ತಿದ್ದವು, ನನಗೆ ಮಾತ್ರ.

ನೆತ್ತಿಯಿಂದ ಇನ್ನೊಂದು ಹಕ್ಕಿ ಎದ್ದಿತು. ಅದು ಯಜಮಾನರ ಕಡೆಗೆ ಬಂತು. ಅವರು ಕೋವಿ ಎತ್ತಿದಾಗ ಅದರ ಹಿಂದೆ ಆಕಾಶವಿತ್ತು. ಇದನ್ನು ನಾನು ಖಚಿತವಾಗಿ ಹೇಳಬಲ್ಲೆ. ಆಮೇಲೆ ಹಕ್ಕಿ ರೆಕ್ಕೆ ಮಡಚಿ ಇಳಿಯಿತು. ಕೋವಿಯ ನಳಿಗೆಯೂ ಅದರ ಜೊತೆಗೆ ಇಳಿಯಿತು. ಗುಂಡು ಹಾರಿದಾಗ ಹಕ್ಕಿ ಜೊಂಡಿನ ತುದಿಗಿಂತ ಸ್ವಲ್ಪವೇ ಮೇಲಿತ್ತು. ಹಕ್ಕಿಗೆ ತಾಗಲಿಲ್ಲ.

ಅವನು ಕೂಗಲಿಲ್ಲ. ಎದ್ದು ನಿಂತ. ಎದ್ದು ನಿಂತದ್ದರಿಂದಲೇ ಎಲ್ಲರಿಗೂ ಕಂಡ. ಒಂದು ಕೈಯಲ್ಲಿ ಕಿತ್ತಳೆ ಜಾಕೆಟ್ಟಿನ ಗಂಟು ಇತ್ತು, ಇನ್ನೊಂದು ಕೈ ಮುಖದ ಮೇಲಿತ್ತು. ಆಗ ಹಾರ್ನ್ ಮೊಳಗಿತು. ಅವಳು ಅದನ್ನು ನಿಲ್ಲಿಸದೆ ಊದುತ್ತಲೇ ಇದ್ದಳು.

ನಾನು ಓಡಿದೆ. ಕೆನ್ನೆಯಲ್ಲಿ ಎರಡು ಕಡೆ ಚರೆ ತೂರಿದ್ದವು. ಮೆಣಸಿನ ಕಾಳಿಗಿಂತ ಚಿಕ್ಕ ಸೀಸದ ಗುಂಡುಗಳು ಅವು, ಕೆನ್ನೆಯವು ದೊಡ್ಡ ಗಾಯಗಳಲ್ಲ. ಮೂರನೆಯದು ಬಲಗಣ್ಣಿಗೆ ಹೋಗಿತ್ತು. ಕಣ್ಣನ್ನು ಒತ್ತಬಾರದು. ಚಹಾದ ಕಾಗದದ ಕಪ್ಪೊಂದನ್ನು ತರಿಸಿ, ಬುಡದ ಭಾಗ ಉಳಿಸಿ ಕತ್ತರಿಸಿ, ಕಣ್ಣಿಗೆ ತಾಗದಂತೆ ಮುಚ್ಚಿ ಟೇಪು ಹಚ್ಚಿದೆ. ಅಷ್ಟು ಹೊತ್ತೂ ಅವನು ಕೇಳುತ್ತಿದ್ದದ್ದು ಒಂದೇ.

"ಅಣ್ಣಾ, ಎಡಗಣ್ಣು ಛಲೋ ಐತಿ. ಎರಡೂ ಬೇಕಲ್ರಿ ನನಗ. ಎರಡೂ ಬೇಕು. ಉಳೀತದೇನ್ರಿ ಇದು?"

"ಡಾಕ್ಟ್ರು ನೋಡ್ತಾರೆ. ಮಾತಾಡ್ಬೇಡ. ಅಲ್ಲಾಡ್ಬೇಡ."

ಉಳಿಯುವುದಿಲ್ಲ ಎಂದು ನನಗೆ ಆಗಲೇ ತಿಳಿದಿತ್ತು.

ಯಜಮಾನರು ಕೋವಿಯನ್ನು ನಡುವೆ ಬಾಗಿಸಿ ತೆರೆದು ತೋಟಾ ತೆಗೆದು ಹುಲ್ಲಿನ ಮೇಲಿಟ್ಟು ಬಂದಿದ್ದರು. ಅಂಥ ಹೊತ್ತಿನಲ್ಲೂ ತೋಟಾ ತೆಗೆಯುವುದನ್ನು ಮರೆತಿರಲಿಲ್ಲ. ಅವನ ಕಾಲ ಬಳಿ ಮಂಡಿಯೂರಿ ಕೂತರು. ಆಂಬುಲೆನ್ಸ್ ಹೋದ ಮೇಲೆ ನನ್ನನ್ನು ಕೇಳಿದರು.

"ಅವನ ಮೈಮೇಲೆ ಕಿತ್ತಳೆ ಇತ್ತೇ? ನೀನು ಮೇಲಿದ್ದೆ. ನಿಜ ಹೇಳು."

"ಇರಲಿಲ್ಲ. ಹಕ್ಕಿಗೆ ಸುತ್ತಿದ್ದ."

ಅವರಿಗೆ ಸ್ವಲ್ಪ ಸಮಾಧಾನವಾಗಬಹುದೆಂದು ಕಾದೆ. ಅವರು ಗುಡ್ಡವನ್ನು ನೋಡುತ್ತ ನಿಂತಿದ್ದರು. "ಇದ್ದಿದ್ದರೂ ನನಗೆ ಕಾಣುತ್ತಿರಲಿಲ್ಲ. ನಾನು ಹಕ್ಕಿಯನ್ನು ನೋಡುತ್ತಿದ್ದೆ. ಆಕಾಶಕ್ಕಿಂತ ಕೆಳಗೆ ಹಾರಿಸಿದೆ," ಎಂದರು.

ಪೊಲೀಸರಿಗೂ ಅವರು ಅದನ್ನೇ ಹೇಳಿದರು. ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡರು. ಲೈಸೆನ್ಸ್ ಹೋಯಿತು, ಕೋವಿಗಳೂ ಹೋದವು. ಗೆಳೆಯ ಮಾತ್ರ ಹಾರ್ನ್ ಆಗುವ ಮೊದಲು ಬೇಲಿ ದಾಟಿದ್ದು ತಾನು ಎಂದ. ಅವರಿಬ್ಬರೂ ಒಮ್ಮೆ ಆಕ್ಲೆಂಡ್ ಆಸ್ಪತ್ರೆಯಲ್ಲಿ ಎದುರುಬದುರು ಕೂತು ತಪ್ಪು ನನ್ನದು, ಇಲ್ಲ ನನ್ನದು ಎಂದು ಹೇಳಿಕೊಂಡದ್ದನ್ನು ನೋಡಿದ್ದೇನೆ. ಇಬ್ಬರೂ ಮನಃಪೂರ್ವಕವಾಗಿ ಹೇಳುತ್ತಿದ್ದರು. ಕಣ್ಣು ಅಷ್ಟರಲ್ಲಿ ಹೋಗಿತ್ತು. ಮೂರು ಸಲ ಶಸ್ತ್ರಚಿಕಿತ್ಸೆ ಮಾಡಿದರು. ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂದು ತಿಳಿಯುವಷ್ಟು ದೃಷ್ಟಿ ಉಳಿಯಿತು, ಕೊನೆಗೆ ಅದೂ ಉಳಿಯಲಿಲ್ಲ.

ಅವರಿಬ್ಬರೂ ಹಾಗೆ ಮಾತಾಡುತ್ತಿದ್ದಾಗ ಹೊರಗೆ ಕಾರಿಡಾರಿನಲ್ಲಿ ಅವನ ಹೆಂಡತಿ ಕೂತಿದ್ದಳು. "ನಾನಽ ಹೇಳಿದ್ದೆ ಅಣ್ಣಾ, ಜೀವಂತ ತಾ ಅಂತ," ಎಂದಳು. "ಅಂಗಡ್ಯಾಗ ಹಲಾಲ್ ಕೋಳಿ ಬೇಕಾದಷ್ಟು ಸಿಗ್ತಾವ. ಎಲ್ಲಾರಿಗೂ ಟರ್ಕಿ ಬಿರಿಯಾನಿ ತಿನಸ್ತೀನಿ ಅಂತ ಫೋನ್ ಮಾಡಿ ಹೇಳಿದ್ದೆ." ನೀರು ತಂದುಕೊಟ್ಟೆ. ಅವಳು ಬಾಟಲಿಯನ್ನು ತೆರೆಯದೆ ಹಿಡಿದುಕೊಂಡಿದ್ದಳು.

ಆಗಸ್ಟ್‌ನಲ್ಲಿ ಅವನು ಆಕ್ಲೆಂಡ್‌ನಿಂದ ಮತ್ತೆ ನಮ್ಮ ಊರಿಗೆ ಬಂದ. ಒಂದು ಸಂಜೆ ನಾನು ಹೋದಾಗ ಅಡುಗೆಮನೆಯ ಮೇಜಿಗೆ ದವಡೆಯನ್ನು ಬಿಗಿದು ಕೂತಿದ್ದ. ಪರೀಕ್ಷೆಯವರು ಒಂದು ಕಣ್ಣಿನವರಿಗೆ ಬೇಡ ಎಂದೇನೂ ಹೇಳಿರಲಿಲ್ಲ. ಒಂದು ಕಣ್ಣಿಗೆ ಮಿದುಳು ಹೊಂದಿಕೊಳ್ಳುತ್ತದೆ, ಸಮಯ ಕೊಡಿ ಎಂದು ಕಣ್ಣಿನ ಡಾಕ್ಟರು ಹೇಳಿದ್ದರು. ಅವನು ಕೊರೆಯುವ ಸೂಜಿಯನ್ನು ಹಲ್ಲಿನ ಹತ್ತಿರ ಒಯ್ದ. ಹಲ್ಲು ತಾಗುವ ಮೊದಲೇ ಕೈ ನಿಂತಿತು. ಮತ್ತೆ ಸ್ವಲ್ಪ ಮುಂದೆ ಒಯ್ದ. ಸೂಜಿ ಪಕ್ಕದ ಹಲ್ಲಿಗೆ ತಾಗಿ ಗೀರು ಬಿತ್ತು.

"ನೋಡ್ರಿ. ಹಲ್ಲು ಎಲ್ಲೈತಿ ಅನ್ನೂದು ಮುಟ್ಟಿದ ಮ್ಯಾಲೆ ಗೊತ್ತಾಗ್ತದ. ಮುಟ್ಟೂಕ್ಕಿಂತ ಮೊದಲು ಗೊತ್ತಾಗಬೇಕು ಅದು."

"ಇನ್ನೂ ಎರಡು ತಿಂಗಳಾಗಿದೆ ಅಷ್ಟೆ. ಮುಂದಿನ ವರ್ಷ ಕೂತ್ಕೋ."

"ಪ್ಲಾಸ್ಟಿಕ್ ಐತಿ ಅಂತ ಸುಮ್ಮನ ಕುಂತದ ಇದು. ಮನಶ್ಯಾ ಆಗಿದ್ರ?"

ಅವನು ಇನ್ನೊಂದು ಸಲ ಪ್ರಯತ್ನಿಸಿದ. ಆಮೇಲೆ ಮೋಟರ್ ಆರಿಸಿದ. ನನಗೆ ಚಹಾ ಮಾಡಿಕೊಟ್ಟ. ಬಸಿಯುವಾಗ ಕಪ್ಪಿನ ಅಂಚನ್ನು ಬೆರಳಿನಿಂದ ಹಿಡಿದು, ಕೆಟಲಿನ ಮೂತಿಯನ್ನು ಆ ಬೆರಳಿಗೆ ತಾಗಿಸಿ ಬಸಿದ. ಬೆರಳು ಸುಟ್ಟಿರಬೇಕು.

ಮುಂದಿನ ವರ್ಷವೂ ಅವನು ಪರೀಕ್ಷೆಗೆ ಕೂರಲಿಲ್ಲ. ಅದರ ಮುಂದಿನ ವರ್ಷ ಬರೆಯುವ ಪರೀಕ್ಷೆಯ ಫಲಿತಾಂಶದ ಅವಧಿಯೂ ಮುಗಿಯಿತು. ಈಗ ಆಕ್ಲೆಂಡ್‌ನ ನ್ಯೂ ಲಿನ್‌ನಲ್ಲಿ ಒಂದು ಗೋದಾಮಿನಲ್ಲಿ ಪೆಟ್ಟಿಗೆಗಳ ಮೇಲೆ ವಿಳಾಸ ಅಂಟಿಸುತ್ತಾನೆ. ಆಮೇಲೆ ಹುಟ್ಟಿದ ಮಗಳಿಗೆ ಅವನು ಹಲ್ಲಿನ ವೈದ್ಯನಾಗಿದ್ದ ಎನ್ನುವುದು ಯಾರೋ ಹೇಳಿದ ಮಾತು. ಊರಿನಲ್ಲಿ ಟರ್ಕಿ ಶೂಟ್ ಮತ್ತೆ ನಡೆಯಲಿಲ್ಲ. ವ್ಯಾನು ಬರಲಿಲ್ಲ. ಹಕ್ಕಿಗಳು ಈಗ ರಸ್ತೆಯವರೆಗೂ ಬರುತ್ತವೆ.

ಯಜಮಾನರು ಕೊನೆಯ ಒಂದೂವರೆ ವರ್ಷ ನಮ್ಮ ವೃದ್ಧಾಶ್ರಮದಲ್ಲೇ ಇದ್ದರು. ಬೇರೆ ಯಾರ ಹೆಸರೂ ನೆನಪಿಲ್ಲದ ಹೊತ್ತಿನಲ್ಲೂ ನನ್ನನ್ನು ಕಂಡರೆ "ಡಾಕ್ ಪಾಸಾದನೇ?" ಎಂದು ಕೇಳುತ್ತಿದ್ದರು. ಮೊದಮೊದಲು ಇಲ್ಲ ಎಂದು ನಿಜ ಹೇಳುತ್ತಿದ್ದೆ. ಪ್ರತಿ ಸಲವೂ ಅವರು ಅದನ್ನು ಮೊದಲ ಸಲ ಕೇಳಿದವರಂತೆ ಕೇಳಿ ಅಳುತ್ತಿದ್ದರು. ಆಮೇಲೆ ಇನ್ನೂ ಪರೀಕ್ಷೆ ಆಗಿಲ್ಲ ಎಂದು ಹೇಳತೊಡಗಿದೆ. ಚಳಿಗಾಲದಲ್ಲಿ ತೀರಿಕೊಂಡರು.

ಅವರ ಎಡಕ್ಕೆ ಕೋವಿ ಹಿಡಿದು ನಿಂತಿದ್ದ ನಿವೃತ್ತ ಶಾಲಾ ಮಾಸ್ತರರೂ ಈಗ ಇಲ್ಲ. ಅಂದು ನಡೆದದ್ದನ್ನು ಕಂಡವರಲ್ಲಿ ಬದುಕಿರುವವರು ಇಷ್ಟು ಜನ. ಬೇಲಿಯ ಹತ್ತಿರವಿದ್ದ ಕಟುಕ, ಅಂಗಡಿ ಮಾರಿ ಮಗನ ಊರಿಗೆ ಹೋಗಿದ್ದಾನೆ. ಹಾರ್ನ್ ಊದಿದ ಹೆಂಗಸು, ಇನ್ನೂ ಇಲ್ಲೇ ಇದ್ದಾಳೆ, ಎದುರು ಸಿಕ್ಕರೆ ಹವಾಮಾನದ ಮಾತಾಡುತ್ತೇವೆ. ನಾನು. ಗೆಳೆಯನನ್ನು ಈ ಲೆಕ್ಕಕ್ಕೆ ಸೇರಿಸಬೇಕೋ ಬೇಡವೋ ನನಗೆ ತಿಳಿಯದು. ಅವನು ಬಗ್ಗಿದ್ದ, ಹಕ್ಕಿಗೆ ಇನ್ನೂ ಜೀವವಿದೆಯೇ ಎಂದು ನೋಡುತ್ತಿದ್ದ.