ಮೇಲಿನ ಬೀದಿಯ ನಲ್ಲಿ

ನರಸೀಪುರದ ರೋಜಾ ಪ್ರಾಜೆಕ್ಟ್ ಮ್ಯಾನೇಜರ್ ಆಗಿ ಆರು ವರ್ಷವಾದರೂ ಆ ಹುದ್ದೆಯ ಹೆಸರು ಅವಳಪ್ಪ ಮರಿಯಯ್ಯನ ಬಾಯಿಗೆ ಹತ್ತಲಿಲ್ಲ. ಕೇಳಿದವರಿಗೆಲ್ಲ, “ನಮ್ ರೋಜಾ ಎಲ್ರ ಕೈಲೂ ಕೆಲ್ಸ ಮಾಡಿಸ್ತಾಳೆ” ಎನ್ನುತ್ತಿದ್ದ. ಅವಳಿಗೂ ಅದೇ ಸರಿಯೆನಿಸಿತ್ತು.

ಬಿಳಿಗೆರೆ ಕಡೆಯ ಒಂದು ಊರಿನ ಇನ್ನೂರ ಹನ್ನೆರಡು ಮನೆಗೆ ನಲ್ಲಿ ಹಾಕಿಸುವ ಕೆಲಸ ಅವಳ ಪಾಲಿಗೆ ಬಂದಿತ್ತು. ಗುತ್ತಿಗೆದಾರನ ಮೇಸ್ತ್ರಿ ಪ್ರೇಮ್‌ಕುಮಾರ್ ದಿನಾ ಸಂಜೆ ಅಂದಂದಿನ ಕೆಲಸದ ಫೋಟೊ ವಾಟ್ಸಾಪ್‌ನಲ್ಲಿ ಕಳಿಸಬೇಕೆಂದು ಮಾತಾಗಿತ್ತು. ಮೂರನೆಯ ವಾರ ರೋಜಾ ಎರಡು ದಿನದ ಫೋಟೊಗಳನ್ನು ಅಕ್ಕಪಕ್ಕ ಇಟ್ಟು ನೋಡಿದಳು. ಎರಡರಲ್ಲೂ ಅದೇ ಕಂದು ನಾಯಿ, ಅದೇ ಚರಂಡಿಯ ದಂಡೆಯಲ್ಲಿ, ಅದೇ ಕಾಲು ಚಾಚಿ ಮಲಗಿತ್ತು.

ಅವಳು ಫೋನ್ ಮಾಡಿ, “ನಿಮ್ಮ ನಾಯಿ ಎರಡು ದಿನದಿಂದ ಎದ್ದೇ ಇಲ್ವಲ್ಲ, ಡಾಕ್ಟರ್‌ಗೆ ತೋರಿಸ್ಬೇಕಾ?” ಎಂದಳು.

ಪ್ರೇಮ್‌ಕುಮಾರ್, “ನಾಳೆ ಕೆಲ್ಸ ಸುರು ಮಾಡ್ತೀವಿ ಮೇಡಂ” ಎಂದ.

ಮಾರನೆಯ ದಿನದಿಂದ ರೋಜಾ ಸ್ಕೂಟರ್ ಹತ್ತಿ ತಾನೇ ಊರಿಗೆ ಬರತೊಡಗಿದಳು. ಪೈಪಿನ ಆಳವನ್ನು ಅಲ್ಲಲ್ಲಿ ಟೇಪು ಹಿಡಿದು ಅಳೆದಳು. ನಾಲ್ಕು ತಿಂಗಳಲ್ಲಿ ಕೆಲಸ ಮುಗಿದು, ಎಲ್ಲ ಸರಿಯಿದೆಯೆಂಬ ಅವಳ ಸಹಿಯೊಂದೇ ಬಾಕಿ ಉಳಿಯಿತು. ಸಹಿಗೆ ಮುಂಚೆ ಅವಳು ಒಂದೊಂದೇ ಮನೆಯ ನಲ್ಲಿ ತಿರುಗಿಸುತ್ತ ಹೋದಳು. ಮೇಲಿನ ಬೀದಿಯ ಚಿನ್ನಮ್ಮನ ನಲ್ಲಿ ಬುಸ್ಸೆಂದಿತು, ಅಷ್ಟೇ.

“ಗಾಳಿ ಬತ್ತದೆ ಕಣವ್ವ, ನೀರು ಬರಲ್ಲ,” ಎಂದಳು ಚಿನ್ನಮ್ಮ. “ಸೆಕೆ ಆದಾಗ ಮುಂದೆ ಕೂತ್ಕತೀನಿ.”

ಆ ಸಾಲಿನ ಐದು ಮನೆಯಲ್ಲೂ ಅದೇ ಕತೆ. “ಐದೇ ಮನೆ ತಾನೇ ಮೇಡಂ, ಸಹಿ ಹಾಕ್ಬಿಡಿ, ಆಮೇಲೆ ನೋಡ್ಕಳನ,” ಎಂದ ಪ್ರೇಮ್‌ಕುಮಾರ್. ಅವಳಿಗೂ ದಣಿವಾಗಿತ್ತು, ಮೈಸೂರಿನ ಕಚೇರಿಯಿಂದ ಎರಡು ಸಲ ಫೋನ್ ಬಂದಿತ್ತು. ಆದರೂ ಪೆನ್ನು ತೆಗೆಯಲಿಲ್ಲ.

ಊರಿಗೆ ನೀರು ಬಿಡುವ ನೀರುಗಂಟಿ ದೇವಯ್ಯನನ್ನು ಕರೆದುಕೊಂಡು ಪೈಪಿನ ಜಾಡು ಹಿಡಿದು ನಡೆದಳು. ಹುಣಸೆ ಮರದ ಹತ್ತಿರ ಅವನು ನಿಂತ.

“ಇಲ್ಲಿ ಬಂಡೆ ಸಿಕ್ತು. ಒಡೆಯಾಕೆ ಬೇಜಾರಾಗಿ ಪೈಪ್ನ ಅದ್ರ ಮ್ಯಾಲೇ ಅತ್ತಿಸಿ ಇಳ್ಸವ್ರೆ.”

“ಮೊದ್ಲೇ ಯಾಕೆ ಹೇಳ್ಲಿಲ್ಲ ದೇವಣ್ಣ?”

“ನನ್ನ ಯಾರವ್ವ ಕೇಳ್ದೋರು?”

ರೋಜಾಗೆ ನಾಚಿಕೆಯಾಯಿತು. ದಿನಾ ಊರಿಗೆ ಬಂದರೂ ಅವನನ್ನು ಒಂದು ಮಾತು ಕೇಳಿರಲಿಲ್ಲ. ಪೈಪಿನ ಆ ಡುಬ್ಬದಲ್ಲಿ ಗಾಳಿ ಸೇರಿಕೊಂಡು ನೀರನ್ನು ತಡೆದಿತ್ತು. ಪ್ರೇಮ್‌ಕುಮಾರ್ ಗೊಣಗುತ್ತಲೇ ಮಣ್ಣು ಅಗೆಸಿ, ಗಾಳಿ ಹೊರಗೆ ಬಿಡುವ ವಾಲ್ವ್ ಕೂರಿಸಿದ. ಎರಡು ದಿನ ಹಿಡಿಯಿತು.

ಮೂರನೆಯ ದಿನ ಬೆಳಿಗ್ಗೆ ಚಿನ್ನಮ್ಮನ ನಲ್ಲಿ ಎರಡು ಸಲ ಕೆಮ್ಮಿ, ಕೆಂಪು ನೀರು ಉಗುಳಿ, ಆಮೇಲೆ ತಿಳಿಯಾಗಿ ಸುರಿಯಿತು. ಅವಳು ಮೊದಲ ಬಿಂದಿಗೆಯಿಂದಲೇ ಕಾಫಿಗೆ ನೀರಿಟ್ಟಳು. ಪ್ರೇಮ್‌ಕುಮಾರ್ ಎರಡು ಲೋಟ ಕುಡಿದ.

ರೋಜಾ ಚಿನ್ನಮ್ಮನ ಮನೆಯ ಜಗುಲಿಯಲ್ಲೇ ಕೂತು ಸಹಿ ಹಾಕಿದಳು. ವಾಲ್ವಿನ ಕೀಲಿಯನ್ನೂ ಪೈಪುಗಳ ನಕ್ಷೆಯನ್ನೂ ದೇವಯ್ಯನ ಕೈಗೆ ಕೊಟ್ಟಳು. ಅವನು ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿ, “ಉಣಸೆ ಮರ ಬರ್ದಿಲ್ವಲ್ಲವ್ವ” ಎಂದ. ಅವಳು ನಕ್ಷೆಯನ್ನು ವಾಪಸು ತೆಗೆದುಕೊಂಡು ಮರ ಬರೆದುಕೊಟ್ಟಳು.