ಬೂಟ್ ಸೀಡಿಯ ಮುಖ

ಶೀಳನೆರೆ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ಕಂಪ್ಯೂಟರ್ ಮೇಷ್ಟ್ರು. ನನ್ನ ವಶದಲ್ಲಿ ಹತ್ತು ಹಳೇ ಕಂಪ್ಯೂಟರುಗಳಿದ್ದವು. ಒಂಬತ್ತರ ಹಾರ್ಡ್ ಡಿಸ್ಕ್ ಹೋಗಿತ್ತು. ಉಳಿದವರು ಅವನ್ನು ಗುಜರಿ ಅನ್ನುತ್ತಿದ್ದರು. ನಾನು ಮಾತ್ರ, ನೆನಪು ಹೋಗಿದೆ, ಬುದ್ಧಿ ಇನ್ನೂ ಇದೆ ಎಂದು ವಾದಿಸುತ್ತಿದ್ದೆ. ದಸರಾ ರಜೆ ಮುಗಿದ ದಿನವೇ ಅಧಿಕಾರಿಯೊಬ್ಬರು ತಪಾಸಣೆಗೆ ಬರುವವರಿದ್ದರು. ಯಂತ್ರಗಳು ಓಡದಿದ್ದರೆ ನನ್ನ ಕೋಣೆ ಬಿಸಿಯೂಟದ ಅಕ್ಕಿಮೂಟೆಗಳ ಪಾಲು.

ಒಂದು ದಾರಿ ಇತ್ತು. ಸರಿಯಿದ್ದ ಹತ್ತನೆಯ ಯಂತ್ರದಿಂದ ತಂತಿಯ ಮೂಲಕ ಉಳಿದ ಒಂಬತ್ತನ್ನೂ ಎಬ್ಬಿಸುವುದು. ಆದರೆ ಈ ಹಳಬರಿಗೆ ತಾವಾಗಿ ತಂತಿಯ ಕಡೆ ನೋಡುವ ಅಭ್ಯಾಸವಿಲ್ಲ, ಪೆನ್‌ಡ್ರೈವ್‌ನಿಂದ ಏಳುವುದೂ ಗೊತ್ತಿಲ್ಲ. 'ನಿನ್ನಲ್ಲಿ ಏನೂ ಇಲ್ಲ, ಪಕ್ಕದವನನ್ನು ಕೇಳು' ಎಂದು ಹೇಳಿಕೊಡುವ ಒಂದು ಬೂಟ್ ಸೀಡಿ ಬೇಕು. ಒಂದು ಎದ್ದ ಮೇಲೆ ಸೀಡಿ ತೆಗೆದು ಇನ್ನೊಂದಕ್ಕೆ ಹಾಕಬಹುದು; ಆರಿಸಿದರೆ ಮಾತ್ರ ಮತ್ತೆ ಸೀಡಿಯಿಂದಲೇ ಎಬ್ಬಿಸಬೇಕು. ಪರೀಕ್ಷೆಯ ಕೋಣೆಯಲ್ಲಿ ತಡೆಯುವ ಕೆಲಸವನ್ನೇ ಇಲ್ಲಿ ನಾನು ಕಲಿಸಬೇಕಾಗಿತ್ತು.

ಖಾಲಿ ಸೀಡಿಗಾಗಿ ಕೃಷ್ಣರಾಜಪೇಟೆಯ ಅಂಗಡಿಗಳನ್ನೆಲ್ಲ ಸುತ್ತಿದೆ. "ಸೀಡಿನಾ? ಒಲದಲ್ಲಿ ನೇತಾಕಿ ಅಕ್ಕಿಪಕ್ಸಿ ಓಡ್ಸಕಾ ಸಾ?" ಎಂದು ಒಬ್ಬ ಕೇಳಿದ. ಕೊನೆಗೆ ಒಂದು ಫೋಟೋ ಸ್ಟುಡಿಯೋದಲ್ಲಿ ಉಳಿದಿದ್ದ ಒಂದೇ ಒಂದು ಸಿಕ್ಕಿತು. ಬರೆದೆ, ಹಾಕಿದೆ, ಒಂಬತ್ತೂ ಎದ್ದವು. ಅಷ್ಟು ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ, ಮನೆಯಲ್ಲಿ ಹೇಳಲಿಲ್ಲ. ಬೀಗದ ಕೈ ಇಟ್ಟುಕೊಳ್ಳುವ ನಮ್ಮ ಹಿರಿಯ ಅಟೆಂಡರಿಗೆ ಸೀಡಿ ತೋರಿಸಿ, "ಎಲ್ಲದರ ಜೀವ ಇದ್ರಲ್ಲೇ ಐತೆ ಕಣಣ್ಣ, ಜೋಪಾನ" ಎಂದು ಹೇಳಿ ರಜೆಗೆ ಹೋದೆ.

ಅಧಿಕಾರಿ ಬರುವ ದಿನ ಬೇಗ ಬಂದು ಬಾಗಿಲು ತೆರೆದರೆ, ಆಯುಧಪೂಜೆ ಆಗಿಹೋಗಿತ್ತು. ಹತ್ತೂ ಪರದೆಗಳಿಗೆ ವಿಭೂತಿ, ನೆತ್ತಿಯ ಮೇಲೆ ಸೇವಂತಿಗೆ. ಜೀವ ಇರುವ ಸೀಡಿಗೆ ಮಾತ್ರ ವಿಶೇಷ ಮರ್ಯಾದೆ: ಯಂತ್ರ ಓದುವ, ಹೊಳೆಯುವ ಕಡೆಗೇ ದಪ್ಪನೆಯ ಅರಿಶಿನ, ಕುಂಕುಮ.

"ಈ ಕಡೆ ಯಾಕಣ್ಣ ಇಟ್ರಿ?"

"ಮೊಕ ಕಾಣಾ ಕಡೆ ತಾನೇ ಸಾ ಕುಂಕುಮ ಇಡಾದು? ಬೆನ್ನಿಗೆ ಯಾರಾರ ಇಡ್ತಾರಾ?"

ತರ್ಕದಲ್ಲಿ ತಪ್ಪಿರಲಿಲ್ಲ. ಮೆತ್ತಗೆ ಒದ್ದೆ ಬಟ್ಟೆಯಲ್ಲಿ ಒರೆಸಿದ್ದರೆ ಹೋಗುತ್ತಿತ್ತು. ಅದನ್ನು ಹೇಳುವ ಬದಲು ಬಾಯಿಗೆ ಬಂದಂತೆ ಬೈದೆ. ನಾನು ತಂತಿಗಳನ್ನು ನೋಡುತ್ತಿದ್ದಾಗ ಅವರು ಸೀಡಿಯನ್ನು ನಲ್ಲಿಗೆ ಒಯ್ದು, ಹಿತ್ತಾಳೆ ದೀಪದ ಕಂಬ ಬೆಳಗುವ ಹಾಗೆ ಹುಣಸೆಹಣ್ಣು ಹಾಕಿ ನಾರಿನಲ್ಲಿ ಉಜ್ಜಿ ತಂದರು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು. ಕುಂಕುಮವೂ ಹೋಗಿತ್ತು, ಬರೆದದ್ದೂ ಹೋಗಿತ್ತು. ಒಂಬತ್ತರಲ್ಲಿ ಒಂದೂ ಏಳಲಿಲ್ಲ.

ಅಷ್ಟರಲ್ಲಿ ಅಧಿಕಾರಿ ಬಂದರು. ಚಪ್ಪಲಿ ಬಿಟ್ಟು ಒಳಗೆ ಬಂದವರು ಹೂವು ಮುಡಿದ ಯಂತ್ರಗಳ ಸಾಲು ನೋಡಿ ಕೈಮುಗಿದರು. ಅವುಗಳ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. "ಎಷ್ಟು ಶ್ರದ್ಧೆಯಿಂದ ಇಟ್ಟುಕೊಂಡಿದ್ದೀರಿ!" ಎಂದರು. ಒಂದರ ಸ್ವಿಚ್ಚನ್ನೂ ಹಾಕಿಸದೆ, ಹತ್ತೂ ಸುಸ್ಥಿತಿಯಲ್ಲಿವೆ ಎಂದು ವರದಿ ಬರೆದು ನನ್ನ ಕಡೆ ತಳ್ಳಿದರು. ಬಾಗಿಲಲ್ಲಿ ಅಟೆಂಡರು ಒದ್ದೆ ಕೈಯಲ್ಲೇ ನಿಂತು ನನ್ನನ್ನು ನೋಡುತ್ತಿದ್ದರು. ನಾಚಿಕೆಯಾಯಿತು. ಆದರೂ ಸಹಿ ಹಾಕಿದೆ. ಕೋಣೆ ಉಳಿಯಿತು.

ಕೆಲವು ತಿಂಗಳ ನಂತರ ತಾಲ್ಲೂಕಿಗೆ ಹೊಸ ಕಂಪ್ಯೂಟರುಗಳು ಬಂದವು. ಪಟ್ಟಿಯಲ್ಲಿ ನಮ್ಮ ಶಾಲೆ ಇರಲಿಲ್ಲ. ಯಾಕೆಂದು ಕೇಳಲು ಕಚೇರಿಗೆ ಹೋದೆ. ಗುಮಾಸ್ತರು ಕಡತ ತಿರುಗಿಸಿ, ನನ್ನ ಸಹಿಯ ಮೇಲೆ ಬೆರಳಿಟ್ಟರು.

"ನಿಮ್ಮವು ಚೆನ್ನಾಗೇ ಅವಲ್ಲ ಸಾ?"

ಚೆನ್ನಾಗಿವೆ ಎಂದು ಹೇಳಿ ಬಂದೆ.